ಎಫ್‌ಆರ್‌ಎಲ್‌ಎಸ್ ಕೇಬಲ್ ಹಾಕಿದ ಮೇಲೂ ಅಣುಸ್ಥಾವರದಲ್ಲಿ ಹೊದಿಕೆ, ಗೋಡೆ, ಅಂತರ ಎಲ್ಲ ಯಾಕೆ?

ಟ್ರೇ_ರೂಟಿಂಗ್

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕಲ್ ಡಿಸೈನ್‌ನಲ್ಲಿದ್ದೇನೆ. ಇಷ್ಟು ದಿನ ಸಿಮೆಂಟ್, ಉಕ್ಕಿನ ಕಾರ್ಖಾನೆಗಳ ಕೇಬಲ್ ರೂಟಿಂಗ್ ಮಾಡುತ್ತಿದ್ದೆ. ಈಗ ಅಣುಸ್ಥಾವರದ ಡ್ರಾಯಿಂಗ್‌ಗಳು ಕೈಗೆ ಬಂದಿವೆ.

ಹಾಕುವ ಕೇಬಲ್ ಎಲ್ಲ ಎಫ್‌ಆರ್‌ಎಲ್‌ಎಸ್. ಬೇಗ ಬೆಂಕಿ ಹಿಡಿಯುವುದಿಲ್ಲ, ಹೊಗೆಯೂ ಕಡಿಮೆ. ಹಾಗಿದ್ದೂ ಒಂದು ಪಂಪಿನ ಕೇಬಲ್ ನೇರವಾಗಿ ಹೋದರೆ ಅದರ ಜೋಡಿ ಪಂಪಿನ (ಒಂದು ಕೆಟ್ಟರೆ ಅದೇ ಕೆಲಸ ಮಾಡುವ ಇನ್ನೊಂದರ) ಕೇಬಲ್ ಅರ್ಧ ಕಟ್ಟಡ ಸುತ್ತಿಕೊಂಡು ಬರುತ್ತದೆ. ಸುತ್ತಿಸಲು ಆಗದ ಕಡೆ ಕೇಬಲ್ ಹೊರುವ ಟ್ರೇಗೆ ಬೆಂಕಿ ತಡೆಯುವ ದಪ್ಪ ಹೊದಿಕೆ. ಗೋಡೆ ದಾಟುವ ಪ್ರತಿ ತೂತಿಗೂ ಸೀಲ್, ಪ್ರತಿ ಸೀಲಿಗೂ ನಂಬರ್. ತೂಕ ಜಾಸ್ತಿ, ಖರ್ಚು ಜಾಸ್ತಿ, ಜಾಗವಂತೂ ಸಾಲುವುದೇ ಇಲ್ಲ. ಕೇಬಲ್ಲೇ ಸುಲಭಕ್ಕೆ ಉರಿಯದಿದ್ದರೆ ಇಷ್ಟೆಲ್ಲ ಯಾಕೆ? "ನಿಯಮದಲ್ಲಿದೆ" ಅನ್ನುವ ಉತ್ತರ ನನಗೆ ಸಾಕಾಗುತ್ತಿಲ್ಲ. ಕಾರಣ ತಿಳಿದವರು ಹೇಳಿ.

ಮೂರನೇ_ಪಾಳಿ

ಕಂಟ್ರೋಲ್ ರೂಮಿನಲ್ಲಿ ಕೂತು ಕೆಲಸ ಮಾಡಿದವನು ನಾನು. ನನ್ನ ಕಡೆಯಿಂದ ಉತ್ತರ ಹೀಗಿದೆ. ಕೇಬಲ್ ಉರಿದರೆ ನಷ್ಟವಾಗುವುದು ಕೇಬಲ್ ಮಾತ್ರ ಅಲ್ಲ. ರಿಯಾಕ್ಟರ್ ತಣ್ಣಗಿದೆಯಾ ಅಂತ ತಿಳಿಯುವ ದಾರಿಯೂ, ತಣ್ಣಗಿಡುವ ದಾರಿಯೂ ಅದರ ಜೊತೆ ಹೋಗುತ್ತದೆ.

ಬ್ರೌನ್ಸ್ ಫೆರಿ ಅಣುಸ್ಥಾವರದ ಬೆಂಕಿಯ ಬಗ್ಗೆ ಕೇಳಿರಬಹುದು. ಅಮೆರಿಕದ ಅಲಬಾಮಾ ರಾಜ್ಯ, 1975ರ ಮಾರ್ಚ್ 22. ಕಂಟ್ರೋಲ್ ರೂಮಿನ ಕೆಳಗೆ ಕೇಬಲ್ ಸ್ಪ್ರೆಡಿಂಗ್ ರೂಮ್, ಅಂದರೆ ಕೇಬಲ್‌ಗಳೆಲ್ಲ ಸೇರಿ ಕವಲೊಡೆಯುವ ಕೋಣೆ. ಅಲ್ಲಿಂದ ಕೇಬಲ್‌ಗಳು ಗೋಡೆ ದಾಟಿ ರಿಯಾಕ್ಟರ್ ಕಟ್ಟಡಕ್ಕೆ ಹೋಗುತ್ತಿದ್ದವು. ಆ ಗೋಡೆಯ ತೂತಿನಲ್ಲಿ ಗಾಳಿ ಸೋರುತ್ತಿದೆಯಾ ಅಂತ ಕೆಲಸಗಾರರು ಮೇಣದಬತ್ತಿ ಹಿಡಿದು ನೋಡುತ್ತಿದ್ದರು. ಜ್ವಾಲೆ ಬಾಗಿದರೆ ಸೋರಿಕೆ ಇದೆ ಅಂತ ಅರ್ಥ. ರಿಯಾಕ್ಟರ್ ಕಟ್ಟಡದ ಒಳಗೆ ಗಾಳಿಯ ಒತ್ತಡವನ್ನು ಹೊರಗಿಗಿಂತ ಕಡಿಮೆ ಇಟ್ಟಿರುತ್ತಾರೆ. ಅದಕ್ಕೇ ಜ್ವಾಲೆಯನ್ನು ತೂತು ಒಳಕ್ಕೆ ಎಳೆದುಕೊಂಡಿತು. ಅಲ್ಲಿ ತುಂಬಿದ್ದದ್ದು ಪಾಲಿಯುರೆಥೇನ್ ಫೋಮ್, ತಟ್ಟನೆ ಹೊತ್ತಿಕೊಳ್ಳುವ ವಸ್ತು. ಬೆಂಕಿ ಗೋಡೆಯ ಆಚೆ ಬದಿಗೆ ದಾಟಿ ಟ್ರೇಗಳನ್ನು ಹಿಡಿಯಿತು.

ಆಮೇಲೆ ಕಂಟ್ರೋಲ್ ರೂಮಿನಲ್ಲಿ ಆದದ್ದನ್ನು ನೋಡಿ. ಯಾರೂ ಬಟನ್ ಒತ್ತದೆ ಪಂಪುಗಳು ತಾವಾಗಿ ಶುರುವಾದವು. ನೀರಿನ ಮಟ್ಟ ಸರಿಯಾಗೇ ಇತ್ತು, ಅದಕ್ಕೆ ಆಪರೇಟರ್ ನಿಲ್ಲಿಸಿದರು. ಮತ್ತೆ ಶುರುವಾದವು. ಪ್ಯಾನೆಲ್ ದೀಪಗಳು ಒಮ್ಮೆ ವಿಪರೀತ ಬೆಳಗಿದವು, ಒಮ್ಮೆ ಮಂಕಾದವು. ಸ್ವಲ್ಪ ಹೊತ್ತಿನಲ್ಲಿ ಒಂದನೇ ಘಟಕದ ತುರ್ತು ತಂಪು ವ್ಯವಸ್ಥೆಯೇ ಕೈಗೆ ಸಿಗದಂತಾಯಿತು. 1,600ಕ್ಕೂ ಜಾಸ್ತಿ ಕೇಬಲ್ ಹಾಳಾಗಿದ್ದವು. ಅದರಲ್ಲಿ 600ಕ್ಕೂ ಹೆಚ್ಚು ಸುರಕ್ಷತೆಗೆ ಸೇರಿದವು. ಕೊನೆಗೆ ರಿಯಾಕ್ಟರಿಗೆ ನೀರು ಕೊಟ್ಟದ್ದು ಕಂಟ್ರೋಲ್ ರಾಡ್ ಡ್ರೈವ್‌ನ ಚಿಕ್ಕ ಪಂಪು ಮತ್ತು ಕಂಡೆನ್ಸೇಟ್ ಬೂಸ್ಟರ್ ಪಂಪುಗಳು. ಇವು ಆ ಕೆಲಸಕ್ಕೆ ಅಂತ ಇಟ್ಟ ಪಂಪುಗಳೇ ಅಲ್ಲ.

ಜೋಡಿ ವ್ಯವಸ್ಥೆ ಅಲ್ಲೂ ಇತ್ತು. ಎರಡರ ಕೇಬಲ್‌ಗಳೂ ಒಂದೇ ಬೆಂಕಿಗೆ ಸಿಗುವಷ್ಟು ಹತ್ತಿರ ಇದ್ದವು, ಅಷ್ಟೇ. ನಿಮ್ಮ ಡ್ರಾಯಿಂಗಿನ ಕೇಬಲ್ ಅರ್ಧ ಕಟ್ಟಡ ಸುತ್ತಿ ಬರುವುದು ಇದೇ ಕಾರಣಕ್ಕೆ.

ಇಇಇ_ವಿದ್ಯಾರ್ಥಿ

ಸರ್, ಮಧ್ಯೆ ಒಂದು ಸಣ್ಣ ಪ್ರಶ್ನೆ. ಬೆಂಕಿ ಕಂಡ ಕೂಡಲೇ ರಿಯಾಕ್ಟರ್ ನಿಲ್ಲಿಸಿಬಿಟ್ಟರೆ ಮುಗಿಯಿತಲ್ವಾ? ಪಂಪು ಓಡದಿದ್ದರೇನು?

ಮೂರನೇ_ಪಾಳಿ

ಮುಗಿಯುವುದಿಲ್ಲ. ವಿದಳನ (ಪರಮಾಣು ಒಡೆಯುವ ಕ್ರಿಯೆ) ನಿಂತರೂ ಇಂಧನದೊಳಗಿನ ವಿಕಿರಣಶೀಲ ತುಣುಕುಗಳು ಶಾಖ ಬಿಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಅದು ಪೂರ್ತಿ ಶಾಖದ ಸುಮಾರು 6ರಿಂದ 7 ಶೇಕಡಾ. ಒಂದು ಗಂಟೆ ಕಳೆದ ಮೇಲೂ 1 ಶೇಕಡಾಕ್ಕಿಂತ ಜಾಸ್ತಿ. 3,000 ಮೆಗಾವ್ಯಾಟ್ ಶಾಖದ ರಿಯಾಕ್ಟರ್ ಅಂದುಕೊಳ್ಳಿ. ನಿಂತ ಕೂಡಲೇ 200 ಮೆಗಾವ್ಯಾಟ್ ಹತ್ತಿರ ಶಾಖ ಬರುತ್ತಿರುತ್ತದೆ. ಅದನ್ನು ಹೊರಗೆ ಸಾಗಿಸಲು ನೀರು ಬೇಕು. ನೀರಿಗೆ ಪಂಪು, ಪಂಪಿಗೆ ಕರೆಂಟು, ಕರೆಂಟಿಗೆ ಕೇಬಲ್.

ನಮ್ಮ ದೇಶದ್ದೇ ಉದಾಹರಣೆ ಇದೆ. ಉತ್ತರ ಪ್ರದೇಶದ ನರೋರಾ, 1993ರ ಮಾರ್ಚ್ 31ರ ಬೆಳಗಿನ ಜಾವ. ಒಂದನೇ ಘಟಕದ ಟರ್ಬೈನಿನ ಕೊನೇ ಹಂತದ ಎರಡು ಬ್ಲೇಡ್ ಮುರಿದವು. ಯಂತ್ರ ಜೋರಾಗಿ ಅದುರಿ ಜನರೇಟರಿನ ಹೈಡ್ರೋಜನ್ ಸೀಲ್ ಒಡೆಯಿತು. ಹೈಡ್ರೋಜನ್ ಹೊತ್ತಿಕೊಂಡಿತು, ಅದಕ್ಕೆ ಎಣ್ಣೆ ಸೇರಿತು. ಆಪರೇಟರ್‌ಗಳು ಒಂದು ನಿಮಿಷದ ಒಳಗೇ ರಿಯಾಕ್ಟರ್ ನಿಲ್ಲಿಸಿದರು. ಆದರೆ ಬೆಂಕಿ ಕೇಬಲ್ ಹಿಡಿದು ಮುಂದಕ್ಕೆ ಹೋಯಿತು. ಜೋಡಿ ವ್ಯವಸ್ಥೆಗಳ ಕೇಬಲ್‌ಗಳ ನಡುವೆ ಬೆಂಕಿ ತಡೆಯುವಂಥದ್ದು ಇರಲಿಲ್ಲ. ಕೆಲವೇ ನಿಮಿಷಗಳಲ್ಲಿ ಇಡೀ ಘಟಕಕ್ಕೆ ಕರೆಂಟು ಹೋಯಿತು. ಡೀಸೆಲ್ ಜನರೇಟರ್ ಇದ್ದರೂ ಅದರ ಕರೆಂಟು ಪಂಪಿನವರೆಗೆ ತಲುಪಲು ದಾರಿ ಇರಲಿಲ್ಲ. ಸುಮಾರು 17 ಗಂಟೆ ಹಾಗೇ ಇತ್ತು. ಹೊಗೆ ತುಂಬಿ ಕಂಟ್ರೋಲ್ ರೂಮನ್ನೇ ಬಿಡಬೇಕಾಯಿತು.

ಅಲ್ಲಿನವರು ಟಾರ್ಚ್ ಹಿಡಿದು ಕತ್ತಲಲ್ಲಿ ಮೇಲೆ ಹತ್ತಿದರು. ಕೈಯಲ್ಲೇ ವಾಲ್ವ್ ತಿರುಗಿಸಿ, ವಿದಳನ ಮತ್ತೆ ಶುರುವಾಗದಂತೆ ತಡೆಯುವ ಬೋರಾನ್ ದ್ರಾವಣವನ್ನು ರಿಯಾಕ್ಟರಿಗೆ ಇಳಿಸಿದರು. ಡೀಸೆಲ್‌ನಲ್ಲಿ ಓಡುವ ಬೆಂಕಿ ಆರಿಸುವ ಪಂಪುಗಳಿಂದ ಸ್ಟೀಮ್ ಜನರೇಟರಿಗೆ ನೀರು ಕೊಟ್ಟರು. ಆ ಪಂಪುಗಳು ಉಳಿದದ್ದೇ ಈ ಕೇಬಲ್‌ಗಳನ್ನು ನಂಬಿ ಓಡುತ್ತಿರಲಿಲ್ಲ ಅನ್ನುವ ಕಾರಣಕ್ಕೆ. ವಿಕಿರಣ ಹೊರಗೆ ಹೋಗಲಿಲ್ಲ. ಆದರೂ ಅಣು ಘಟನೆಗಳ ಅಂತರರಾಷ್ಟ್ರೀಯ ಮಾಪಕದಲ್ಲಿ (ಗರಿಷ್ಠ 7) ಈ ಘಟನೆಗೆ 3ನೇ ಹಂತ ಕೊಟ್ಟರು. ಆ ರಾತ್ರಿ ಕೆಲಸದಲ್ಲಿದ್ದವರ ಬಗ್ಗೆ ನನಗೆ ಇವತ್ತಿಗೂ ತುಂಬಾ ಗೌರವ ಇದೆ. ಆದರೆ ಅಂಥ ಸಾಹಸ ಬೇಕಾಗುವ ಹಾಗೆ ಯಾವ ಕಟ್ಟಡವನ್ನೂ ಕಟ್ಟಬಾರದು.

ಕುಲುಮೆ_ಲ್ಯಾಬ್

ಬೆಂಕಿ ಪರೀಕ್ಷೆ ಮಾಡುವ ಕಡೆಯಿಂದ ಬರೆಯುತ್ತಿದ್ದೇನೆ. ಮೂಲ ಪ್ರಶ್ನೆಗೆ ಬರೋಣ. ಎಫ್‌ಆರ್ ಕೇಬಲ್ ಅಂದರೆ ಉರಿಯದ ಕೇಬಲ್ ಅಲ್ಲ. ಜ್ವಾಲೆಯನ್ನು ತನ್ನ ಉದ್ದಕ್ಕೂ ಬೇಗ ಸಾಗಿಸದ ಕೇಬಲ್, ಅಷ್ಟೇ.

ಅಣುಸ್ಥಾವರದ ಕೇಬಲ್‌ಗಳಿಗೆ ಮಾಡುವ 1974ರ ಐಇಇಇ 383 ಪರೀಕ್ಷೆಯನ್ನೇ ನೋಡಿ. ಸುಮಾರು 2.4 ಮೀಟರ್ ಎತ್ತರದ ಟ್ರೇಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಬುಡದಲ್ಲಿ ಸುಮಾರು 20 ಕಿಲೋವ್ಯಾಟ್ ಬರ್ನರ್, 20 ನಿಮಿಷ. ಬೆಂಕಿ ತುದಿ ಮುಟ್ಟದಿದ್ದರೆ ಪಾಸು. ನಿಜವಾದ ಎಣ್ಣೆ ಬೆಂಕಿಯ ಶಕ್ತಿ ಇದರ ಎಷ್ಟೋ ಪಟ್ಟು. ಅಂಥ ಬೆಂಕಿಯಲ್ಲಿ, ಅದೂ ಒಂದರ ಮೇಲೊಂದು ಟ್ರೇ ಇದ್ದರೆ, ಎಫ್‌ಆರ್ ಕೇಬಲ್ಲೂ ಉರಿಯುತ್ತದೆ. ಕೆಳಗಿನ ಟ್ರೇ ಮೇಲಿನದನ್ನು ಕಾಯಿಸುತ್ತದೆ. ಮೇಲಕ್ಕೆ ಹೋದಂತೆ ಮುಂದಿನ ಟ್ರೇ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಕೇಬಲ್ ಕೆಲಸ ನಿಲ್ಲಿಸಲು ಉರಿಯಲೇಬೇಕು ಅಂತಿಲ್ಲ. ಕಾದರೆ ಸಾಕು. ಪಿವಿಸಿಯಂಥ ಥರ್ಮೋಪ್ಲಾಸ್ಟಿಕ್ (ಕಾದರೆ ಮೆತ್ತಗಾಗುವ) ಇನ್ಸುಲೇಷನ್ ಸುಮಾರು 205 ಡಿಗ್ರಿ ಸೆಲ್ಸಿಯಸ್‌ಗೆ ಕೆಡುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಎಕ್ಸ್‌ಎಲ್‌ಪಿಇಯಂಥ ಥರ್ಮೋಸೆಟ್ (ಕಾದರೂ ಕರಗದ ಪ್ಲಾಸ್ಟಿಕ್) ಆದರೆ ಸುಮಾರು 330. ಬೆಂಕಿ ಇರುವ ಕೋಣೆಯಲ್ಲಿ ಸೀಲಿಂಗ್ ಕೆಳಗಿನ ಬಿಸಿ ಹೊಗೆ ಈ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಡ. ಜ್ವಾಲೆ ಕೋಣೆಯ ಆ ಮೂಲೆಯಲ್ಲಿರುತ್ತದೆ, ಈ ಮೂಲೆಯ ಟ್ರೇಯೊಳಗೆ ಇನ್ಸುಲೇಷನ್ ಮೆತ್ತಗಾಗಿ ತಾಮ್ರಕ್ಕೆ ತಾಮ್ರ ತಾಗುತ್ತಿರುತ್ತದೆ.

ಟ್ರೇ_ರೂಟಿಂಗ್

ತಾಮ್ರಕ್ಕೆ ತಾಮ್ರ ತಾಗಿದರೆ ಫ್ಯೂಸ್ ಹೋಗುತ್ತದೆ. ಪಂಪು ನಿಲ್ಲುತ್ತದೆ. ಜೋಡಿ ಪಂಪು ಇದ್ದೇ ಇದೆಯಲ್ಲ?

ರಿಲೇ_ಮನೆ

ಅಲ್ಲೇ ನೋಡಿ ಇರುವುದು ಅಪಾಯ. ಎಲ್ಲ ಸಲ ಫ್ಯೂಸ್ ಹೋಗುವುದಿಲ್ಲ. ಕಂಟ್ರೋಲ್ ಕೇಬಲ್ ಒಂದರಲ್ಲೇ ಹಲವು ಎಳೆಗಳಿರುತ್ತವೆ. ಒಂದರಲ್ಲಿ ಸದಾ ವೋಲ್ಟೇಜ್ ಇರುತ್ತದೆ. ಇನ್ನೊಂದು ವಾಲ್ವ್ ತೆರೆಯುವ ಕಾಂಟಾಕ್ಟರ್ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಕಾಯಿಲ್‌ಗೆ ಹೋಗಿರುತ್ತದೆ. ಎಳೆಗಳು ನೆಲಕ್ಕೆ (ಅರ್ತಿಂಗ್‌ಗೆ) ತಾಗುವ ಮೊದಲು ಇವೆರಡೂ ಒಂದಕ್ಕೊಂದು ತಾಗಿದರೆ ಕಾಯಿಲ್‌ಗೆ ಕರೆಂಟು ಸಿಗುತ್ತದೆ. ಯಾರೂ ಕೇಳದೆ ವಾಲ್ವ್ ತೆರೆದುಕೊಳ್ಳುತ್ತದೆ. ಇದಕ್ಕೆ ಹಾಟ್ ಶಾರ್ಟ್ ಅನ್ನುತ್ತಾರೆ. ಬ್ರೌನ್ಸ್ ಫೆರಿಯಲ್ಲಿ ಪಂಪುಗಳು ತಾವಾಗಿ ಶುರುವಾದದ್ದು ಇಂಥ ಶಾರ್ಟ್‌ಗಳಿಂದಲೇ.

ಹಾಟ್ ಶಾರ್ಟ್ ಜಾಸ್ತಿ ಹೊತ್ತು ಇರುವುದಿಲ್ಲ, ಸಾಮಾನ್ಯವಾಗಿ ಕೆಲವು ನಿಮಿಷ. ಆಮೇಲೆ ಎಳೆ ನೆಲಕ್ಕೆ ತಾಗಿ ಫ್ಯೂಸ್ ಹೋಗುತ್ತದೆ. ಆದರೆ ಮೋಟಾರ್ ವಾಲ್ವ್ ಅಷ್ಟರಲ್ಲಿ ಪೂರ್ತಿ ತೆರೆದಿರುತ್ತದೆ. ಫ್ಯೂಸ್ ಹೋದ ಮೇಲೆ ಅದನ್ನು ಕಂಟ್ರೋಲ್ ರೂಮಿನಿಂದ ಮುಚ್ಚಲೂ ಆಗುವುದಿಲ್ಲ. ಅದಕ್ಕೇ ಕೇಳಬೇಕಾದ ಪ್ರಶ್ನೆ "ಈ ಕೇಬಲ್ ಹೋದರೆ ಏನು ನಿಲ್ಲುತ್ತದೆ" ಅನ್ನುವುದೊಂದೇ ಅಲ್ಲ. "ಈ ಕೇಬಲ್ ಹೋದರೆ ಏನು ಶುರುವಾಗಬಹುದು" ಅಂತಲೂ ಕೇಳಬೇಕು. ಎರಡನೆಯದನ್ನು ಕೇಳುವವರು ಕಡಿಮೆ. ಅಮೆರಿಕದಲ್ಲಿ ಕೇಬಲ್‌ಗಳನ್ನು ನಿಜವಾಗಿ ಸುಟ್ಟು ಈ ಶಾರ್ಟ್‌ಗಳನ್ನು ಅಳೆದಿದ್ದಾರೆ. ಕ್ಯಾರೋಲ್‌ಫೈರ್ ಅಂತ ಆ ಪರೀಕ್ಷೆಗಳ ಹೆಸರು.

ಲೆಕ್ಕಾಚಾರ

ಎಲ್ಲ ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಸುತ್ತಿಬಿಡುವುದು ಉತ್ತರ ಅಲ್ಲ. ಬ್ರೌನ್ಸ್ ಫೆರಿ ಆದ ಮೇಲೆ ಅಮೆರಿಕ 1980ರಲ್ಲಿ ಅಪೆಂಡಿಕ್ಸ್ ಆರ್ ಅನ್ನುವ ನಿಯಮ ತಂದಿತು. ಒಂದೇ ಜಾಗದಲ್ಲಿ ಜೋಡಿ ಕೇಬಲ್ ಇದ್ದರೆ ಮೂರು ದಾರಿ: ಮೂರು ಗಂಟೆ ತಾಳುವ ತಡೆ, ಇಲ್ಲವೇ ಸುಡುವ ವಸ್ತು ಏನೂ ಇಲ್ಲದ 20 ಅಡಿ ಅಂತರ, ಜೊತೆಗೆ ಡಿಟೆಕ್ಟರ್ ಮತ್ತು ತಾನಾಗಿ ಆರಿಸುವ ವ್ಯವಸ್ಥೆ, ಇಲ್ಲವೇ ಒಂದು ಗಂಟೆಯ ತಡೆ, ಅದರ ಜೊತೆಗೂ ಡಿಟೆಕ್ಟರ್ ಮತ್ತು ಆರಿಸುವ ವ್ಯವಸ್ಥೆ. ಅಲ್ಲಿ ಎಣ್ಣೆ ಇದೆಯಾ, ಬರೀ ಗೋಡೆ ಇದೆಯಾ ಅಂತ ಇದು ಕೇಳುವುದಿಲ್ಲ. ಖಾಲಿ ಕಾರಿಡಾರಿಗೂ ಅದೇ, ಕರೆಂಟು ಹಂಚುವ ದೊಡ್ಡ ಸ್ವಿಚ್‌ಗಳ (ಸ್ವಿಚ್‌ಗೇರ್) ಕೋಣೆಗೂ ಅದೇ.

ಅಪಾಯದ ಲೆಕ್ಕದ ಮೇಲೆ ನಿಂತ ಎನ್‌ಎಫ್‌ಪಿಎ 805 ಅನ್ನುವ ಅಗ್ನಿಸುರಕ್ಷತೆ ಮಾನದಂಡ ಬಂದದ್ದು 2001ರಲ್ಲಿ. ಅದನ್ನು ಅನುಸರಿಸಲು 2004ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಪ್ರತಿ ಕೋಣೆಯಲ್ಲಿ ಏನು ಹೊತ್ತಿಕೊಳ್ಳಬಹುದು, ಎಷ್ಟು ಹೊತ್ತು ಉರಿಯುತ್ತದೆ, ಯಾವ ಕೇಬಲ್ ಹೋದರೆ ಕಷ್ಟ ಅಂತ ಲೆಕ್ಕ ಹಾಕಿ, ಅಪಾಯ ಇರುವ ಕಡೆ ಹಣ ಹಾಕಬಹುದು. ಸುಮ್ನೆ ಎಲ್ಲ ಕಡೆ ಹೊದಿಸುವುದಕ್ಕೂ ಬೆಲೆ ತೆರಬೇಕು. ಹೊದಿಕೆಯ ಒಳಗೆ ಕೇಬಲಿನ ಸ್ವಂತ ಬಿಸಿ ಹೊರಗೆ ಹೋಗುವುದಿಲ್ಲ. 100 ಆಂಪಿಯರ್ ಹೊರುವ ಕೇಬಲ್ 70ಕ್ಕೆ ಇಳಿದರೆ ಒಂದೋ ದಪ್ಪ ಕೇಬಲ್ ಹಾಕಬೇಕು, ಇಲ್ಲ ಒಳಗೇ ಬೇಯಿಸಬೇಕು. ಪ್ರತಿ 10 ಡಿಗ್ರಿ ಏರಿಕೆಗೆ ಇನ್ಸುಲೇಷನ್ ಆಯಸ್ಸು ಅರ್ಧ ಅನ್ನುವ ಸ್ಥೂಲ ಲೆಕ್ಕ ಎಲ್ಲರಿಗೂ ಗೊತ್ತಲ್ವಾ? ಬೆಂಕಿಯಿಂದ ಕಾಪಾಡಲು ಹೋಗಿ ನಿಧಾನವಾಗಿ ಹಾಳು ಮಾಡಿದ ಹಾಗಾಗುತ್ತದೆ. ಇದರ ಮೇಲೆ ಹೊದಿಕೆಯ ತೂಕ. ಭೂಕಂಪದ ಲೆಕ್ಕದಲ್ಲಿ ಟ್ರೇ ಸಪೋರ್ಟ್ ಮತ್ತೆ ನೋಡಬೇಕು.

ಕುಲುಮೆ_ಲ್ಯಾಬ್

ಆಂಪಿಯರ್ ಇಳಿಕೆ ನಿಜ. ಡಿಸೈನ್ ಶುರುವಿನಲ್ಲೇ ಅದನ್ನು ಹಿಡಿಯದಿದ್ದರೆ ಆಮೇಲೆ ದಾರಿಯೇ ಇಲ್ಲ. ಆದರೆ ಲೆಕ್ಕದ ಮೇಲೆ ಪೂರ್ತಿ ಭಾರ ಹಾಕಲು ನನಗೆ ಧೈರ್ಯ ಇಲ್ಲ. ಲೆಕ್ಕದಲ್ಲಿ "ಒಂದು ಗಂಟೆಯ ಹೊದಿಕೆ" ಅಂತ ಬರೆಯುತ್ತೀರಿ. ಅದು ನಿಜವಾಗಿ ಒಂದು ಗಂಟೆ ತಾಳುತ್ತದೆಯಾ?

ಥರ್ಮೋ-ಲ್ಯಾಗ್ 330 ಅನ್ನುವ ಹೊದಿಕೆ ಅಮೆರಿಕದ ಹತ್ತಾರು ರಿಯಾಕ್ಟರ್‌ಗಳಲ್ಲಿ ಇತ್ತು. 1992ರಲ್ಲಿ ಅಲ್ಲಿನ ನಿಯಂತ್ರಣ ಆಯೋಗ ಎಚ್ಚರಿಕೆಯ ಬುಲೆಟಿನ್ ಹೊರಡಿಸಿತು: ಅಗಲ ಟ್ರೇಗಳಲ್ಲೂ ಸಣ್ಣ ಕಾಂಡ್ಯೂಟ್‌ಗಳಲ್ಲೂ (ಕೇಬಲ್ ಹೋಗುವ ಕೊಳವೆ) ಇದು ಕೇಬಲನ್ನು ಕಾಪಾಡುತ್ತಿಲ್ಲ. ಈ ಎರಡೇ ಯಾಕೆ ಅಂತ ಯೋಚಿಸಿ. ಅಗಲ ಟ್ರೇ ಆದರೆ ಹೊದಿಕೆಯ ಹಲಗೆ ಬಿಸಿಗೆ ಜೋತು ಬಿದ್ದು ಜೋಡಣೆ ಬಾಯಿ ಬಿಡುತ್ತದೆ. ಸಣ್ಣ ಕಾಂಡ್ಯೂಟ್ ಆದರೆ ಒಳಗೆ ಉಕ್ಕು, ತಾಮ್ರ ಕಡಿಮೆ. ಶಾಖವನ್ನು ಹೀರಿಕೊಳ್ಳುವ ತೂಕವೇ ಇಲ್ಲ, ತಟ್ಟನೆ ಕಾಯುತ್ತದೆ. ಒಂದು ಅಳತೆಯ ಟ್ರೇಯಲ್ಲಿ ಪಾಸಾದದ್ದು ಎಲ್ಲ ಅಳತೆಗೂ ಪಾಸಲ್ಲ. ಮುಂದೆ 2005ರಲ್ಲಿ ಹೆಮಿಕ್ ಅನ್ನುವ ಇನ್ನೊಂದು ಹೊದಿಕೆಗೂ ಇದೇ ಗತಿ. ಹೊರ ಬಟ್ಟೆ ಬಿಸಿಗೆ ಕುಗ್ಗಿ ಜೋಡಣೆಗಳು ತೆರೆದುಕೊಂಡವು.

ಪರೀಕ್ಷೆ ಹೇಗೆ ನಡೆಯುತ್ತದೆ ಹೇಳುತ್ತೇನೆ. ಹೊದಿಸಿದ ಟ್ರೇಯನ್ನು ಕುಲುಮೆಯೊಳಗೆ ಇಡುತ್ತೇವೆ. ಒಂದು ಗಂಟೆಯ ಹೊತ್ತಿಗೆ ಕುಲುಮೆ 927 ಡಿಗ್ರಿ ಮುಟ್ಟಬೇಕು, ಮೂರು ಗಂಟೆಯ ಹೊತ್ತಿಗೆ 1,052. ಒಳಗೆ ಟ್ರೇ ಉದ್ದಕ್ಕೂ ಬರಿ ತಾಮ್ರದ ತಂತಿ ಎಳೆದು ಅದರ ಮೇಲೆ ಸ್ವಲ್ಪ ಸ್ವಲ್ಪ ದೂರಕ್ಕೆ ಬಿಸಿ ಅಳೆಯುವ ಥರ್ಮೋಕಪಲ್ ಕೂರಿಸಿರುತ್ತೇವೆ. ಸರಾಸರಿ ಏರಿಕೆ 139 ಡಿಗ್ರಿ ದಾಟಬಾರದು. ಯಾವ ಒಂದು ಬಿಂದುವಿನಲ್ಲೂ 181 ದಾಟಬಾರದು. ಕೊನೆಗೆ ಕುಲುಮೆಯಿಂದ ತೆಗೆದ ಕೂಡಲೇ ನೀರಿನ ಧಾರೆ ಬಿಡುತ್ತೇವೆ. ಹೊದಿಕೆ ಕಳಚಿ ಬಿದ್ದರೆ ಫೇಲು.

ನಾನು ಕಂಡಂತೆ ಫೇಲಾಗುವುದು ಹಲಗೆಯ ಮಧ್ಯದಲ್ಲಲ್ಲ. ಜೋಡಣೆಯಲ್ಲಿ, ಮೂಲೆಯಲ್ಲಿ, ಸಪೋರ್ಟ್ ಉಕ್ಕು ಹೊದಿಕೆಯೊಳಗೆ ಹೋಗುವ ಜಾಗದಲ್ಲಿ. ಸಪೋರ್ಟನ್ನು ಹೊದಿಸದೆ ಬಿಟ್ಟರೆ ಅದು ಸೌಟಿನ ಹಿಡಿಯ ಹಾಗೆ ಬಿಸಿಯನ್ನು ನೇರ ಒಳಕ್ಕೆ ತರುತ್ತದೆ. ಆದ್ದರಿಂದ ಟ್ರೇಯಿಂದ ಸ್ವಲ್ಪ ದೂರದವರೆಗೆ ಸಪೋರ್ಟಿಗೂ ಹೊದಿಕೆ ಬೇಕು. ಎಷ್ಟು ದೂರ ಅನ್ನುವುದು ಪರೀಕ್ಷೆಯಲ್ಲಿ ಮಾಡಿದ ಹಾಗೆಯೇ ಇರಬೇಕು. ಸೈಟಿನಲ್ಲಿ ಯಾರೋ ಅಂದಾಜಿಗೆ ಕತ್ತರಿಸಿದರೆ ಪ್ರಮಾಣಪತ್ರಕ್ಕೆ ಅರ್ಥ ಉಳಿಯುವುದಿಲ್ಲ.

ತೂತು_ಮುಚ್ಚುವವನು

ಸೀಲ್ ಹಾಕುವ ಕೆಲಸ ನನ್ನದು. ಡಿಸೈನ್ ಮಾಡುವವರು ಇದನ್ನು ಕೇಳಬೇಕು ಅಂತ ತುಂಬಾ ದಿನದ ಆಸೆ.

ಗೋಡೆಗೆ ಮೂರು ಗಂಟೆ ಅಂತ ಬರೆದರೆ ತೂತಿಗೂ ಮೂರು ಗಂಟೆಯೇ. ಸಿಲಿಕೋನ್ ಫೋಮ್ ತುಂಬಿಸುವಾಗ ಕೇಬಲ್‌ಗಳ ನಡುವೆ ಸಂದು ಇರಬೇಕು. ಡ್ರಾಯಿಂಗಿನಲ್ಲಿ ತೂತು ಚಿಕ್ಕದು, ಕೇಬಲ್ ಜಾಸ್ತಿ. ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮಧ್ಯದ ಕೇಬಲ್‌ಗಳ ಸುತ್ತ ಫೋಮ್ ಹೋಗುವುದೇ ಇಲ್ಲ. ಮುಂದಿನಿಂದ ನೋಡಿದರೆ ನುಣ್ಣಗೆ ಮುಚ್ಚಿದೆ, ಒಳಗೆ ಉದ್ದಕ್ಕೂ ಸುರಂಗ. ಬಿಸಿ ಅನಿಲಕ್ಕೆ ಅಷ್ಟು ಸಾಕು. ನಾನು ತೆಳು ಕಡ್ಡಿ ಹಾಕಿ ಕೇಬಲ್‌ಗಳನ್ನು ಬಿಡಿಸಿ, ಹಿಂದಿನಿಂದ ಟಾರ್ಚ್ ಹಿಡಿಸುತ್ತೇನೆ. ಬೆಳಕು ಕಂಡರೆ ಫೋಮ್ ಹಾಕುವುದಿಲ್ಲ, ಮೊದಲು ಸಂದು ತುಂಬಬೇಕು.

ಇನ್ನೊಂದು, ಆಮೇಲೆ ಬರುವ ಒಂಟಿ ಕೇಬಲ್. ಸ್ಥಾವರ ಶುರುವಾಗಿ ವರ್ಷಗಳಾದ ಮೇಲೆ ಹೊಸ ಕ್ಯಾಮೆರಾಗೋ ಸೆನ್ಸರಿಗೋ ಒಂದು ಕೇಬಲ್ ಎಳೆಯುತ್ತಾರೆ. ಸೀಲ್ ಕೊರೆದು ಹಾಕುತ್ತಾರೆ. ಎಳೆದವರ ಕೆಲಸ ಮುಗಿಯಿತು. ಸೀಲ್ ಮತ್ತೆ ಮುಚ್ಚುವವರು ಯಾರು ಅಂತ ಕಾಗದದಲ್ಲಿ ಇರುವುದಿಲ್ಲ. ಪ್ರತಿ ಸೀಲಿಗೆ ನಂಬರ್ ಕೊಡುವುದು ಇದಕ್ಕೇ. ನಂಬರ್ ಇದ್ದರೆ ಯಾರಾದರೂ ಬಂದು ನೋಡುತ್ತಾರೆ. ದಯವಿಟ್ಟು ತೂತನ್ನು ಸ್ವಲ್ಪ ದೊಡ್ಡದು ಕೊಡಿ, ಮುಂದೆ ಬರುವ ಕೇಬಲಿಗೂ ಜಾಗ ಬಿಡಿ.

ನೀರಿನ_ಧಾರೆ

ಅಗ್ನಿಶಾಮಕದವನು. ನೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕರೆಂಟ್ ಇರುವ ಕೇಬಲಿಗೆ ನೀರು ಹಾಕಬಾರದು ಅನ್ನುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಬ್ರೌನ್ಸ್ ಫೆರಿಯಲ್ಲೂ ಅದೇ ಆಯಿತು. ಕಾರ್ಬನ್ ಡೈಆಕ್ಸೈಡ್, ಒಣ ಪುಡಿ ಎರಡನ್ನೂ ಗಂಟೆಗಟ್ಟಲೆ ಬಳಸಿದರು. ಹತ್ತಿರದ ಊರಿನ ಅಗ್ನಿಶಾಮಕ ಮುಖ್ಯಸ್ಥರು ನೀರು ಹಾಕಿ ಅಂತ ಮೊದಲೇ ಹೇಳಿದ್ದರು. ಒಪ್ಪಿದ್ದು ಸಂಜೆಗೆ. ನೀರು ಬಿದ್ದ ಮೇಲೆ ಬೇಗನೆ ಆರಿತು. ಅಷ್ಟರಲ್ಲಿ ಏಳು ಗಂಟೆ ಕಳೆದಿತ್ತು.

ದಟ್ಟ ಕೇಬಲ್ ರಾಶಿಯ ಬೆಂಕಿ ಆಳದಲ್ಲಿ ಕೂತಿರುತ್ತದೆ. ಅನಿಲ ಮೇಲಿನ ಜ್ವಾಲೆ ಆರಿಸುತ್ತದೆ, ಒಳಗಿನ ಬಿಸಿ ಹಾಗೇ ಇರುತ್ತದೆ. ಬಾಗಿಲು ತೆರೆದು ಗಾಳಿ ಹೋದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಬಿಸಿಯನ್ನು ಹೊರಗೆ ತೆಗೆಯುವುದು ನೀರು. ನೀರನ್ನು ಮಂಜಿನಂತೆ ಚಿಮ್ಮಿಸುವ ಸರಿಯಾದ ಫಾಗ್ ನಾಜಲ್, ಸರಿಯಾದ ದೂರ, ಅಭ್ಯಾಸ ಇದ್ದರೆ ಮಾಡಬಹುದು. ಪಿವಿಸಿ ಉರಿದರೆ ಬರುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಉಸಿರಿಗೂ ಕೆಟ್ಟದ್ದು, ತೇವ ಸೇರಿ ಆಮ್ಲವಾಗಿ ದೂರದ ರಿಲೇ ಕಾಂಟಾಕ್ಟುಗಳನ್ನೂ ತಿನ್ನುತ್ತದೆ. ಆರಿಸಲು ತಡ ಮಾಡಿದಷ್ಟೂ ಹಾನಿ ದೂರ ಹೋಗುತ್ತದೆ. ಟ್ರೇಗಳ ನಡುವೆ ಧಾರೆ ತಲುಪುವಷ್ಟು ಜಾಗ ಬಿಡುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ.

ಟ್ರೇ_ರೂಟಿಂಗ್

ಎಲ್ಲರಿಗೂ ಧನ್ಯವಾದ. ಕಾರಣ ಕೇಳಿದ್ದೆ, ಸಿಕ್ಕಿತು. ಈಗ ಕೆಲಸದ ಪ್ರಶ್ನೆ. ಒಂದು ಕಾರಿಡಾರಿನಲ್ಲಿ ಎರಡೂ ಜೋಡಿ ಕೇಬಲ್ ಹೋಗಲೇಬೇಕಾಗಿದೆ. 20 ಅಡಿ ಅಂತರ ಸಿಗುತ್ತದೆ. ಡಿಟೆಕ್ಟರ್, ಸ್ಪ್ರಿಂಕ್ಲರ್ ಎರಡೂ ಇವೆ. ಒಂದನ್ನು ಮೇಲಿನ ಮಹಡಿಯಿಂದ ತಿರುಗಿಸಲೂಬಹುದು, ಆದರೆ ಉದ್ದ ಎರಡು ಪಟ್ಟಾಗುತ್ತದೆ. ಯಾವುದು ಮಾಡಲಿ?

ಲೆಕ್ಕಾಚಾರ

20 ಅಡಿ ಸಾಕು. ಆ ಕಾರಿಡಾರಿನಲ್ಲಿ ಎಣ್ಣೆ, ಸ್ವಿಚ್‌ಗೇರ್ ಇಲ್ಲ ಅಂದರೆ ದೊಡ್ಡ ಬೆಂಕಿಗೆ ಇಂಧನವೇ ಇಲ್ಲ.

ಮೂರನೇ_ಪಾಳಿ

ಇಲ್ಲಿ ನಾನು ಒಪ್ಪುವುದಿಲ್ಲ. ಡ್ರಾಯಿಂಗಿನಲ್ಲಿ ಆ 20 ಅಡಿ ಖಾಲಿ ಇರುತ್ತದೆ. ರಿಪೇರಿಗೆ ಸ್ಥಾವರ ನಿಲ್ಲಿಸಿದಾಗ ಅಲ್ಲೇ ಸ್ಕ್ಯಾಫೋಲ್ಡಿಂಗ್ ಹಲಗೆ, ಪ್ಲಾಸ್ಟಿಕ್ ಹಾಳೆ, ಬಟ್ಟೆ ಮೂಟೆ, ವೆಲ್ಡಿಂಗ್ ಸೆಟ್ ಬಂದು ಕೂರುತ್ತವೆ. ಖಾಲಿ ಕಾರಿಡಾರ್ ಕಂಡರೆ ಸಾಮಾನು ಇಡಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಅಂತರವನ್ನು ದಿನವೂ ಯಾರೋ ಕಾಯಬೇಕು. ಮಧ್ಯೆ ಕಾಂಕ್ರೀಟ್ ಸ್ಲ್ಯಾಬ್ ಇದ್ದರೆ ಕಾಯುವವರು ಬೇಡ, ಅದರ ತೂತುಗಳನ್ನು ನೋಡಿಕೊಂಡರೆ ಸಾಕು. ಕೇಬಲ್ ಉದ್ದವಾದರೆ ವೋಲ್ಟೇಜ್ ಇಳಿಕೆ ಒಂದು ನೋಡಿ, ತಡೆದುಕೊಳ್ಳುವಂತಿದ್ದರೆ ಮೇಲಿನ ಮಹಡಿಯಿಂದಲೇ ತಿರುಗಿಸಿ. ಕಂಟ್ರೋಲ್ ಕೇಬಲನ್ನೂ ಅದೇ ದಾರಿಯಲ್ಲಿ ಒಯ್ಯಿರಿ. ಪವರ್ ಕೇಬಲ್ ಬೇರೆ ಮಾಡಿ, ಅದರ ಕಂಟ್ರೋಲ್ ಕೇಬಲನ್ನು ಹಳೇ ಕಾರಿಡಾರಿನಲ್ಲೇ ಬಿಟ್ಟ ಡ್ರಾಯಿಂಗ್‌ಗಳನ್ನು ನಾನು ಕಂಡಿದ್ದೇನೆ.

ರಿಲೇ_ಮನೆ

ಇದನ್ನೇ ಬರೆಯಲು ಬಂದೆ. ಇಂಡಿಕೇಷನ್ ದೀಪದ ಕೇಬಲ್, ಇಂಟರ್‌ಲಾಕ್ (ಒಂದು ಯಂತ್ರದ ಸ್ಥಿತಿ ನೋಡಿ ಇನ್ನೊಂದನ್ನು ತಡೆಯುವ ಅಥವಾ ಬಿಡುವ ಸರ್ಕ್ಯೂಟ್) ಕೇಬಲ್ ಕೂಡ ಸೇರಿಸಿ. ಜೋಡಿಯ ಎರಡು ಕಡೆಯನ್ನೂ ಮುಟ್ಟುವ ಸರ್ಕ್ಯೂಟ್ ಯಾವುದಾದರೂ ಇದೆಯಾ ಅಂತ ಒಂದೊಂದಾಗಿ ನೋಡಿ. ಒಂದು ಇದ್ದರೂ ಸ್ಲ್ಯಾಬಿನ ಲಾಭ ಹೋಯಿತು.

ಟ್ರೇ_ರೂಟಿಂಗ್

ಮೇಲಿನ ಮಹಡಿ ದಾರಿಗೇ ವೋಲ್ಟೇಜ್ ಲೆಕ್ಕ ಹಾಕುತ್ತೇನೆ. ಸ್ಲ್ಯಾಬಿನ ತೂತಿನ ಅಳತೆಯನ್ನು ಫೋಮಿಗೆ ಸಂದು ಸಿಗುವ ಹಾಗೆ ದೊಡ್ಡದು ಮಾಡುತ್ತೇನೆ. ಇಂಟರ್‌ಲಾಕ್ ಪಟ್ಟಿಯಲ್ಲಿ ಎರಡೂ ಕಡೆ ಮುಟ್ಟುವ ಸರ್ಕ್ಯೂಟ್ ಒಂದು ಈಗಲೇ ಕಣ್ಣಿಗೆ ಬಿದ್ದಿದೆ. ಅದನ್ನು ರಿಲೇ ಹಾಕಿ ಬೇರ್ಪಡಿಸುವುದೋ, ಫೈಬರ್ ಮಾಡುವುದೋ?

ರಿಲೇ_ಮನೆ

ಸಿಗ್ನಲ್ ಮಾತ್ರ ಆದರೆ ಫೈಬರ್. ಗಾಜಿನ ಎಳೆಯಲ್ಲಿ ಹಾಟ್ ಶಾರ್ಟ್ ಆಗುವುದಿಲ್ಲ, ತುಂಡಾದರೆ ಸಿಗ್ನಲ್ ಹೋಗುತ್ತದೆ ಅಷ್ಟೇ. ಸಿಗ್ನಲ್ ಹೋದಾಗ ವಾಲ್ವ್ ಯಾವ ಸ್ಥಿತಿಗೆ ಹೋಗಬೇಕು ಅನ್ನುವುದನ್ನು ಮೊದಲು ಪ್ರೊಸೆಸ್‌ನವರ ಹತ್ತಿರ ಬರೆಸಿಕೊಳ್ಳಿ. ಸರ್ಕ್ಯೂಟಿನ ಸ್ಕೆಚ್ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.